ಚೆನ್ನಾಜಮ್ಮನ ಮನೆಯ ಪಾತಾಳಗರಡಿ

ಕಬ್ಬಿಣದ ಒಂದು ದಪ್ಪ ಬಳೆ, ಆ ಬಳೆಗೆ ಜೋತುಬಿದ್ದ ಕೊಕ್ಕೆಗಳು, ಒಂದೊಂದು ಕೊಕ್ಕೆಯ ತುದಿಯೂ ಮೇಲಕ್ಕೆ ಬಾಗಿ ಚೂಪಾಗಿದೆ. ನಾನೆಂದರೆ ಇಷ್ಟೇ. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೆ ತಳವನ್ನೆಲ್ಲ ತಡಕಿ, ಬಿದ್ದ ಕೊಡವನ್ನೋ ಬಕೆಟ್ಟನ್ನೋ ಕಚ್ಚಿಕೊಂಡು ಮೇಲೆ ಬರುತ್ತೇನೆ. ಪಾತಾಳಗರಡಿ ಎಂದು ನನ್ನ ಹೆಸರು. ಬಾವಿಯಲ್ಲಿ ನೀರು ಸೇದಿದ ಕಾಲದವರಿಗೆ ನನ್ನ ಪರಿಚಯ ಇದ್ದೇ ಇರುತ್ತದೆ. ಮನೆಮನೆಗೂ ಬಾವಿ ಇದ್ದರೂ ಇಡೀ ಓಣಿಗೆ ನನ್ನಂಥವಳು ಒಬ್ಬಳೇ ಇರುತ್ತಿದ್ದಳು. ಹಾಗಾಗಿ ನನ್ನ ಆಯಸ್ಸೆಲ್ಲ ಎರವಲು ಹೋಗಿ ಬರುವುದರಲ್ಲೇ ಕಳೆಯಿತು.

ಹುಟ್ಟಿದ್ದು ನಾಗಮಂಗಲದ ಒಂದು ಓಣಿಯಲ್ಲಿ, ಕಂಚಿನ ಕೆಲಸದವರ ನಡುವೆ. ಕಾಳಾಚಾರಿ ಗಂಟೆ, ದೀಪದ ಕಂಬ ಎರಕ ಹೊಯ್ಯುವವರು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಹೆಂಡತಿ ಚೆನ್ನಾಜಮ್ಮ ತವರಿನಿಂದ ತಂದಿದ್ದ ಬಿಂದಿಗೆಯನ್ನು ಹಿತ್ತಲ ಬಾವಿಗೆ ಬೀಳಿಸಿಕೊಂಡು ಊಟ ಬಿಟ್ಟು ಕೂತರಂತೆ. ಕಾಳಾಚಾರಿ ಸಮಾಧಾನದ ಮಾತೇನೂ ಆಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಗಾಡಿಚಕ್ರದ ಪಟ್ಟಿಯನ್ನು ಕುಲುಮೆಗೆ ಹಾಕಿ ಕೆಂಪಗೆ ಕಾಯಿಸಿ, ಬಡಿದು, ಬಗ್ಗಿಸಿ ನನ್ನನ್ನು ಮಾಡಿದರು. ನೀರಿಗಿಳಿದು ನಾನು ಮೊದಲು ತಂದದ್ದು ಆ ಬಿಂದಿಗೆಯನ್ನೇ. ಚೆನ್ನಾಜಮ್ಮ ಅಂದು ನಕ್ಕಿದ್ದು ನನಗೆ ನೆನಪಿದೆ.

ನೀರಿನ ಕೆಳಗೆ ಬೆಳಕಿಲ್ಲ. ಅಲ್ಲಿ ನನಗೆ ಎಲ್ಲವೂ ತಿಳಿಯುವುದು ತಾಗಿದಾಗ ಮಾತ್ರ. ಹಿತ್ತಾಳೆ ತಾಗಿದರೆ ಒಂದು ಸದ್ದು, ತಾಮ್ರ ತಾಗಿದರೆ ಇನ್ನೊಂದು. ಕಲ್ಲು ಕದಲುವುದಿಲ್ಲ, ಮರದ ಬೇರು ಎಳೆದರೆ ಹಿಂದಕ್ಕೆ ಎಳೆಯುತ್ತದೆ. ಬೇಗ ಕಲಿತೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಚೆನ್ನಾಜಕ್ಕಾ, ನಮ್ ಬಿಂದ್ಗೆ ಬಾವಿಗೆ ಹೋಯ್ತು, ಗರಡಿ ಕೊಡಕ್ಕಾ" ಎನ್ನುವುದು, ನಾನು ಹೋಗುವುದು, ಸಂಜೆಗೆ ಒದ್ದೆ ಮೈಯಲ್ಲಿ ಮನೆ ಸೇರುವುದು, ಹೀಗೆ ನಡೆದಿತ್ತು.

ಮಗ ಇನ್ನೂ ಚಿಕ್ಕವನಿರುವಾಗಲೇ ಕಾಳಾಚಾರಿ ಜ್ವರ ಬಂದು ತೀರಿಕೊಂಡರು. ಆ ಗಲಾಟೆಯಲ್ಲಿ ಯಾರೋ ನನ್ನನ್ನು ಒಯ್ದಿದ್ದರು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ತಂದವರು ಯಾರು, ಕೊಟ್ಟವರು ಯಾರು, ಯಾರಿಗೂ ನೆನಪಿಲ್ಲ. ಕೊನೆಗೆ ಒಂದು ದನದ ಕೊಟ್ಟಿಗೆಯಲ್ಲಿ ಸಗಣಿಯೊಳಗೆ ಹೂತು ತುಕ್ಕು ಹಿಡಿಯುತ್ತಿದ್ದೆ. ಚೆನ್ನಾಜಮ್ಮ ಮನೆಮನೆ ತಿರುಗಿ ನನ್ನನ್ನು ಹುಡುಕಿ ತೆಗೆದು, ಅಲ್ಲೇ ಕೂತು ಉಗುರಿನಿಂದ ಸಗಣಿ ಕೆರೆದರು. ಗಂಡನ ಕೈ ತಾಗಿದ ವಸ್ತು ಆ ಮನೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಅಂದಿನಿಂದ ಆಕೆ ಒಂದು ಕಟ್ಟುಪಾಡು ಮಾಡಿದರು. ಗರಡಿ ಬೇಕಾದವರು ತಮ್ಮ ಮನೆಯ ಒಂದು ಪಾತ್ರೆಯನ್ನು ಇಟ್ಟು ಹೋಗಬೇಕು. ಗರಡಿ ತಿರುಗಿ ಬಂದ ಮೇಲೆ ಪಾತ್ರೆ ವಾಪಸ್ಸು. ಒಡಹುಟ್ಟಿದ ತಂಗಿ ಬಂದು ಕೇಳಿದರೂ ಇದೇ ಮಾತು. ಮೊದಮೊದಲು ಜನ ಮೂಗು ಮುರಿದರು, ಆಮೇಲೆ ಒಗ್ಗಿಕೊಂಡರು. ಪಾತ್ರೆ ಇಲ್ಲದೆ ಮನೆಯಲ್ಲಿ ಅಡುಗೆ ನಿಲ್ಲುತ್ತದಲ್ಲ, ನಾನು ತಪ್ಪದೆ ಮನೆಗೆ ಬರುತ್ತಿದ್ದೆ.

ಅದೇ ಸಾಲಿನಲ್ಲಿ ಸಿದ್ದಮ್ಮನ ಮನೆ. ಆಕೆಯ ಮಗ ಮೌನಾಚಾರಿಗೆ ಕಮಲಾಕ್ಷಿ ಎಂಬ ಹುಡುಗಿಯನ್ನು ತಂದಿದ್ದರು. ಕೆರೆಯಿಂದ ನೀರು ಹೊರುವ ಹಳ್ಳಿಯವಳು, ಬಾವಿ ಸೇದಿ ಅಭ್ಯಾಸವಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಅವಳು ಓಡುತ್ತಾ ಬಂದಳು. ಚೆನ್ನಾಜಮ್ಮ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು.

"ದೊಡ್ಡವ್ವ, ಗರಡಿ ಕೊಡ್ತೀರಾ? ಹಗ್ಗದ ಗಂಟು ಬಿಚ್ಕೊಂಡು ಕೊಡ ಬಿದ್ಬುಡ್ತು. ಅತ್ತೆದು, ತಾಮ್ರದ್ದು."

"ಪಾತ್ರೆ ತಂದಿದ್ದೀಯೇನವ್ವ?"

"ಅಡುಗೆಮನೆಗೆ ಬೀಗ ಹಾಕ್ಕೊಂಡು ಪ್ಯಾಟೆ ಕಡೆ ಹೋಗವ್ರೆ. ಹೊರಗಡೆ ಒಂದು ಲೋಟನೂ ಇಲ್ಲ. ಅವ್ರು ಬರೋದ್ರೊಳಗೆ ತೆಗೀಬೇಕು ದೊಡ್ಡವ್ವ."

"ಹಂಗಾದ್ರೆ ನಿಮ್ಮತ್ತೆ ಬರ್ಲಿ, ಅವಳ ಕೈಗೇ ಕೊಡ್ತೀನಿ. ಒಬ್ರಿಗೊಂದು ಇನ್ನೊಬ್ರಿಗೊಂದು ಮಾಡಕ್ಕಾಗಲ್ಲ ಕಣವ್ವ."

ಹುಡುಗಿ ಬಗ್ಗಿ ಕಾಲುಂಗುರಕ್ಕೆ ಕೈ ಹಾಕಿದಳು. "ಇದನ್ನ ಇಟ್ಕಳಿ."

"ಥೂ, ಮುತ್ತೈದೆ ಕಾಲುಂಗುರ ಬಿಚ್ಚೋದಾ? ಬುದ್ಧಿ ಬ್ಯಾಡ್ವಾ? ಹೋಗು ಹೋಗು" ಎಂದು ಚೆನ್ನಾಜಮ್ಮ ಗದರಿದರು. ಅದು ಸಿಟ್ಟಲ್ಲ, ಅಪಶಕುನದ ಭಯ. ಹುಡುಗಿ ಹೋದಳು. ಒನಕೆಯ ಸದ್ದು ಮತ್ತೆ ಶುರುವಾಯಿತು. ಗೋಡೆಯ ಮೇಲಿದ್ದ ನಾನು ಅವಳ ಹೆಜ್ಜೆಯ ಸದ್ದು ಓಣಿಯಲ್ಲಿ ಕರಗುವುದನ್ನು ಕೇಳಿದೆ.

ಬಿಸಿಲು ಇಳಿಯುವ ಹೊತ್ತಿಗೆ ಓಣಿಯಲ್ಲಿ ಕೂಗಾಟ. ಪೇಟೆಯಿಂದ ಬಂದ ಸಿದ್ದಮ್ಮನಿಗೆ ಸೊಸೆ ಕಾಣಲಿಲ್ಲ. ಬಾವಿಯ ಹಗ್ಗ ರಾಟೆಯ ಕಂಬಕ್ಕೆ ಬಿಗಿದು ಒಳಗೆ ಇಳಿಬಿದ್ದಿತ್ತು. ಅದನ್ನು ಯಾಕೆ ಹಾಗೆ ಕಟ್ಟಿದ್ದಾರೆಂದು ಯಾರೂ ಯೋಚಿಸಲಿಲ್ಲ. ಗಡಿಬಿಡಿಯಲ್ಲಿ ಬಿಚ್ಚಿ ಮೇಲೆಳೆದುಕೊಂಡರು, ಇನ್ನೊಂದು ಹಗ್ಗ ಸೇರಿಸಿ ಉದ್ದ ಮಾಡಿ ನನಗೆ ಕಟ್ಟಿದರು. ಅಂದು ನನ್ನನ್ನು ಒಯ್ಯಲು ಬಂದವರಿಂದ ಚೆನ್ನಾಜಮ್ಮ ಪಾತ್ರೆ ಕೇಳಲಿಲ್ಲ.

ಹಗ್ಗ ಹಿಡಿದವನು ಮೌನಾಚಾರಿಯೇ. ನಾನು ಇಳಿದೆ. ಬೇಸಿಗೆಯ ನೀರು, ಮೇಲೆ ಬೆಚ್ಚಗೆ, ಕೆಳಗೆ ಹಿಮ. ತಡಕಿದೆ. ಕಲ್ಲು. ಮತ್ತೆ ಕಲ್ಲು. ಆಮೇಲೆ ನನ್ನ ಕೊಕ್ಕೆಗಳ ನಡುವೆ ಏನೋ ಹಾದುಹೋಯಿತು, ತೆಳ್ಳಗೆ, ಮೆತ್ತಗೆ, ಎಣಿಸಲಾಗದಷ್ಟು ಎಳೆ. ಕೂದಲು. ಅಂಥದ್ದನ್ನು ನಾನು ಮುಟ್ಟಿರಲಿಲ್ಲ. ಹಿಂದೆ ಸರಿಯುವುದು ನನ್ನ ಕೈಯಲ್ಲಿಲ್ಲ, ಹಗ್ಗ ಹಿಡಿದವರು ಎಳೆದತ್ತ ಹೋಗುವವಳು ನಾನು. ನೆರಿಗೆ ಕಚ್ಚಿಕೊಂಡು ಅವಳನ್ನು ಮೇಲಕ್ಕೆ ತಂದೆ. ನನ್ನ ಜನ್ಮದಲ್ಲಿ ನಾನು ಎತ್ತಿದ ಅತ್ಯಂತ ಹಗುರಾದ ಭಾರ ಅದು, ನೀರಿನೊಳಗೆ ಇರುವ ತನಕ.

ಅವಳ ಸೆರಗು ಹರಿದಿತ್ತು. ಗರಡಿ ಹರಿದುಹಾಕಿದೆ ಎಂದರು. ಅಲ್ಲ. ನಾನು ಬಟ್ಟೆಯನ್ನು ತೂತು ಮಾಡಬಲ್ಲೆ, ಅಷ್ಟು ನೇರವಾಗಿ ಸೀಳಲಾರೆ. ಇದನ್ನು ಹೇಳಲು ನನಗೆ ಬಾಯಿಲ್ಲ.

ಪೊಲೀಸರು ಬಂದು ಹೋದರು. "ನಾನು ಒಂದು ಮಾತೂ ಅಂದಿರ್ಲಿಲ್ಲ, ಅದ್ಯಾಕೆ ಬಿದ್ಲೋ" ಎಂದು ಸಿದ್ದಮ್ಮ ಎಲ್ಲರ ಮುಂದೆ ಎದೆ ಬಡಿದುಕೊಂಡಳು. ಒಂದು ಕಾರಣ ಬೇಕಲ್ಲ, ಓಣಿ ತಾನೇ ಹುಡುಕಿಕೊಂಡಿತು. ಹುಡುಗಿಗೆ ಹಳ್ಳಿಯಲ್ಲಿ ಯಾರದೋ ಮೇಲೆ ಮನಸ್ಸಿತ್ತಂತೆ, ಒಲ್ಲದ ಮದುವೆಯಂತೆ. ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಮಾತು ಹೋಯಿತು. ಅವಳು ಗರಡಿ ಕೇಳಿಕೊಂಡು ಬಂದಿದ್ದಳೆಂದು ಬಲ್ಲವರು ಚೆನ್ನಾಜಮ್ಮ ಒಬ್ಬರೇ. ಅವರು ಬಾಯಿ ಬಿಡಲಿಲ್ಲ.

ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನದ ನೀರು ಹೊಯ್ದು ಅಟ್ಟಕ್ಕೆ ಹಾಕಿದರು. ಹೆಣ ಎತ್ತಿದ ಗರಡಿಯನ್ನು ಯಾರೂ ಕೇಳಿ ಬರಲಿಲ್ಲ. ಓಣಿಯಲ್ಲಿ ಬಿಂದಿಗೆಗಳು ಬೀಳುತ್ತಲೇ ಇದ್ದವು, ಬಿದ್ದದ್ದು ಹೋಯಿತೆಂದು ಬಿಟ್ಟುಬಿಡುತ್ತಿದ್ದರು. ಸಿದ್ದಮ್ಮನ ಮನೆಯ ಬಾವಿಗೆ ತಡಿಕೆ ಮುಚ್ಚಿ ಮೇಲೆ ಕಲ್ಲು ಹೇರಿದರು.

ಅಟ್ಟದ ಮೇಲೆ ನಾನು ಮೂಳೆಯಂತೆ ಒಣಗಿದ್ದೆ. ಆದರೂ ನನ್ನಿಂದ ನೀರು ತೊಟ್ಟಿಕ್ಕುವುದು ಚೆನ್ನಾಜಮ್ಮನಿಗೆ ಕೇಳುತ್ತಿತ್ತು. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ತಲೆಯೆತ್ತಿ ನೋಡುವರು. ಏಣಿ ಹಾಕಿ ಹತ್ತಿ ಬಂದು ನನ್ನನ್ನು ಸವರುವರು. ಕೈ ಒಣಗಿಯೇ ಇರುತ್ತಿತ್ತು. ಕೆಳಗಿಳಿದು ಕೂತರೆ ಮತ್ತೆ ಅದೇ ಸದ್ದು. ಒಂದು ದಿನ ನನ್ನಡಿಗೆ ಬಟ್ಟೆ ಮಡಿಸಿಟ್ಟರು. ಮಾರನೆಯ ದಿನ ಬಂದು ಬಟ್ಟೆಯನ್ನು ಹಿಂಡಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಅದನ್ನೇ ಮುಖಕ್ಕೆ ಒತ್ತಿಕೊಂಡು ಅಟ್ಟದ ಮೇಲೇ ಕೂತರು.

ಗೌರಿ ಹಬ್ಬ ಹತ್ತಿರ ಬಂತು. ಕಮಲಾಕ್ಷಿಯ ತಾಯಿ ಪುಟ್ಟತಾಯಮ್ಮ ಬಾಗಿನದ ಮೊರ ಹೊತ್ತುಕೊಂಡು ಓಣಿಗೆ ಬಂದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಕುಪ್ಪಸದ ಕಣ, ಎಲ್ಲ ಇತ್ತು. ಮಗಳಿಲ್ಲವೆಂದು ಅವಳಿಗೆ ಗೊತ್ತು. ಮೊದಲ ವರ್ಷದ ಬಾಗಿನ ಎಂದು ಮದುವೆಯಲ್ಲೇ ಎತ್ತಿಟ್ಟಿದ್ದಳಂತೆ, ಮನೆಯಲ್ಲಿ ಇಟ್ಟುಕೊಂಡು ಕೂರಲು ಆಗಲಿಲ್ಲವಂತೆ. ಸಿದ್ದಮ್ಮ ಬಾಗಿಲು ತೆಗೆಯಲಿಲ್ಲ. ಪುಟ್ಟತಾಯಮ್ಮ ಬಂದು ಚೆನ್ನಾಜಮ್ಮನ ಜಗಲಿಯ ಮೇಲೆ ಕೂತು ನೀರು ಕೇಳಿದಳು. ಕುಡಿದಾದ ಮೇಲೆ ಕೇಳಿದಳು:

"ಅಕ್ಕ, ನನ್ ಮಗಳನ್ನ ಕಂಡಿದ್ರಾ ನೀವು? ಏನೇನೋ ಅಂತಾರೆ ಜನ. ಯಾರ ಮ್ಯಾಲೋ ಮನಸ್ಸಿತ್ತಂತೆ, ಅದಕ್ಕೇ ಬಿದ್ಲಂತೆ. ನಮ್ಮೂರಲ್ಲಿ ನನ್ ಎರಡನೇ ಹುಡುಗೀನ ನೋಡಕ್ಕೆ ಬರೋರೂ ಬರ್ತಿಲ್ಲ. ನಿಮಗೇನಾರ ಗೊತ್ತಾ?"

ಚೆನ್ನಾಜಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೊನೆಗೂ ಹೇಳಿದರು. ಗಂಟು ಬಿಚ್ಚಿಕೊಂಡ ಕೊಡ, ಬೀಗ ಹಾಕಿದ ಅಡುಗೆಮನೆ, ಕಾಲುಂಗುರ. ಎಲ್ಲವನ್ನೂ.

ಪುಟ್ಟತಾಯಮ್ಮ ಅಳಲಿಲ್ಲ. "ಆ ಕೊಡ ಮ್ಯಾಕೆ ಬಂತಾ?" ಎಂದಳು.

"ಇಲ್ಲ."

"ಹಂಗಾದ್ರೆ ಗರಡಿ ಕೊಡಿ." ಎದ್ದು ಬಾಗಿನದ ಮೊರವನ್ನು ಹೊಸಿಲಿನ ಒಳಗೆ ಇಟ್ಟಳು. "ಏನಾದ್ರೂ ಇಡ್ಬೇಕಲ್ಲ. ಇದು ಇಟ್ಕಳಿ."

"ಬ್ಯಾಡ ಕಣವ್ವಾ, ನಿನ್ನ ದಮ್ಮಯ್ಯ" ಎಂದು ಚೆನ್ನಾಜಮ್ಮ ಕೂಗಿದರು. ಪುಟ್ಟತಾಯಮ್ಮ ಮೊರವನ್ನು ತೆಗೆಯಲಿಲ್ಲ.

ಇಬ್ಬರೂ ನನ್ನನ್ನು ಹಿಡಿದುಕೊಂಡು ಸಿದ್ದಮ್ಮನ ಹಿತ್ತಲಿಗೆ ಹೋದರು. ಯಾರನ್ನೂ ಕೇಳಲಿಲ್ಲ. ಕಲ್ಲು ಉರುಳಿಸಿ ತಡಿಕೆ ಸರಿಸಿದರು. ಮತ್ತೆ ಅದೇ ಕತ್ತಲೆಗೆ ನಾನು ಇಳಿದೆ. ಮೆತ್ತಗಿನ ಪಾಚಿ ತಾಗಿದಾಗಲೆಲ್ಲ ಅವಳೇ ಎನಿಸಿತು. ಅವಳು ಇನ್ನೂ ಅಲ್ಲೇ ಇದ್ದಾಳೆ, ಮೇಲೆ ತಂದದ್ದು ಬೇರೆ ಯಾರನ್ನೋ ಎನಿಸಿತು. ತಳದ ಕೆಸರಿನಲ್ಲಿ ಎಷ್ಟೋ ಹೊತ್ತು ತಡಕಿದ ಮೇಲೆ ತಾಮ್ರದ ಸದ್ದು ಕೇಳಿತು. ಕಂಠಕ್ಕೆ ಕೊಕ್ಕೆ ಹಾಕಿದೆ. ಹೆಂಗಸರಿಬ್ಬರೂ ಉಸಿರು ಬಿಗಿಹಿಡಿದು ಎಳೆದರು.

ಹಸಿರು ಹಿಡಿದ ಕೊಡ ಮೇಲೆ ಬಂತು. ಅದರ ಕಂಠಕ್ಕೆ ಸೀರೆಯ ಉದ್ದನೆಯ ಸೀಳೊಂದನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು.

ಪುಟ್ಟತಾಯಮ್ಮ ಆ ಗಂಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ಇದು ನಮ್ಮ ಕಡೆ ಗಂಟು. ಹುಲ್ಲಿನ ಹೊರೆಗೆ ಹಿಂಗೇ ಹಾಕೋದು. ನಾನೇ ಕಲಿಸಿದ್ದು." ಆಮೇಲೆ ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ: "ಸಾಯಕ್ಕೆ ಹೋದೋಳು ಕೊಡಕ್ಕೆ ಗಂಟು ಹಾಕ್ತಾಳೇನ್ರವ್ವಾ?"

ಹಗ್ಗವನ್ನು ಕಂಬಕ್ಕೆ ಬಿಗಿದು, ಅದನ್ನು ಹಿಡಿದು ಗೋಡೆಯ ಕಲ್ಲಿನ ಸಂದುಗಳಲ್ಲಿ ಕಾಲಿಟ್ಟು ಹುಡುಗಿ ಇಳಿದಿದ್ದಳು. ಮುಳುಗಿ ಕೊಡವನ್ನು ಹುಡುಕಿದ್ದಳು. ಹಗ್ಗದ ತುದಿ ಅಲ್ಲಿಯ ತನಕ ಬರಲಿಲ್ಲ. ಸೆರಗು ಸೀಳಿ ಕೊಡಕ್ಕೆ ಕಟ್ಟಿದಳು, ಇನ್ನೊಂದು ತುದಿಯನ್ನು ಹಗ್ಗಕ್ಕೆ ಸೇರಿಸಬೇಕಿತ್ತು. ಆಗ ಕಾಲು ಜಾರಿತೋ, ಉಸಿರು ಕಟ್ಟಿತೋ, ನನಗೂ ತಿಳಿಯದು.

ಜನ ಸೇರಿದರು. ತಾಯಿ ಕೊಡವನ್ನು ಹೊತ್ತು ತಂದು ಸಿದ್ದಮ್ಮನ ಮುಂಬಾಗಿಲಲ್ಲಿ ಇಟ್ಟಳು. ಚೆನ್ನಾಜಮ್ಮ ಓಣಿಯ ನಡುವೆ ನಿಂತು ಹೇಳಿದರು: "ಅವಳು ನನ್ನ ಹತ್ರ ಬಂದಿದ್ಲು. ಗರಡಿ ಕೇಳಿದ್ಲು. ನಾನು ಕೊಡ್ಲಿಲ್ಲ. ಇನ್ಮೇಲೆ ಆ ಹುಡುಗಿ ವಿಚಾರವಾಗಿ ಯಾರಾದ್ರೂ ಇಲ್ಲದ್ದು ಆಡಿದ್ರೆ, ಮೊದಲು ನನ್ನ ಹೆಸರು ಹಿಡಿದು ಆಡಿ."

ಬಾಗಿಲು ತೆರೆಯಿತು. ಬಂದದ್ದು ಸಿದ್ದಮ್ಮನಲ್ಲ, ಮೌನಾಚಾರಿ. ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟಿಗೆ ಕೈ ಹಾಕಿದ.

"ಬಿಚ್ಚಬ್ಯಾಡ ಕಣಪ್ಪ" ಎಂದಳು ಪುಟ್ಟತಾಯಮ್ಮ. "ಅವಳ ಕೈಯಲ್ಲಿ ಕಟ್ಟಿದ್ದು ಅದೊಂದೇ ಇರೋದು."

ಅವನು ಕೊಡವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಬಾಗಿಲ ಸಂದಿಯಲ್ಲಿ ಸಿದ್ದಮ್ಮನ ಸೀರೆಯ ಅಂಚು ಕಂಡು, ಮರೆಯಾಯಿತು.

ಪುಟ್ಟತಾಯಮ್ಮ ನನ್ನನ್ನು ಚೆನ್ನಾಜಮ್ಮನ ಕೈಗೆ ಕೊಟ್ಟಳು. ಮೊರವನ್ನು ತಿರುಗಿ ತೆಗೆದುಕೊಳ್ಳಲಿಲ್ಲ. "ಇನ್ಯಾರಿಗೆ ತಗೊಂಡೋಗ್ಲಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಶಾಪವನ್ನೂ ಹಾಕಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಡೆದುಬಿಟ್ಟಳು.

ಮಾರನೆಯ ದಿನ ಚೆನ್ನಾಜಮ್ಮ ಮುಂಬಾಗಿಲ ಪಕ್ಕದ ಹೊರಗೋಡೆಗೆ ಒಂದು ಮೊಳೆ ಹೊಡೆಸಿ ನನ್ನನ್ನು ತೂಗುಹಾಕಿದರು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕೇಳದೆ ಒಯ್ಯಬಹುದು. ಬಹಳ ಕಾಲ ಯಾರೂ ಮುಟ್ಟಲಿಲ್ಲ. ಓಣಿಯಲ್ಲಿ ಹೋಗುವವರನ್ನು ಆಕೆಯೇ ಕೂಗಿ ಕರೆದು, "ಏನಾದ್ರೂ ಬಿದ್ದೈತೇನವ್ವ ನಿಮ್ಮ ಬಾವೀಲಿ?" ಎಂದು ಕೇಳುವರು. ಕಡೆಗೆ ಒಬ್ಬಳು ಒಯ್ದಳು, ಆಮೇಲೆ ಎಲ್ಲರೂ. ನಾನು ಖಾಲಿ ಮೊಳೆ ಬಿಟ್ಟು ಹೋದ ದಿನ ಚೆನ್ನಾಜಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದರಂತೆ. ನನಗೆ ಮಾತ್ರ ಪ್ರತಿ ಬಾವಿಯೂ ಅದೇ ಬಾವಿಯಾಗಿತ್ತು. ಬಿಂದಿಗೆ ಕಚ್ಚಿದ ಮೇಲೂ ಇನ್ನೊಮ್ಮೆ ತಡಕಬೇಕೆನಿಸುತ್ತಿತ್ತು.

ಕಾಲ ಹೋಯಿತು. ನಲ್ಲಿ ಬಂತು. ಬಾವಿಗಳಿಗೆ ಚಪ್ಪಡಿ ಎಳೆದರು, ಕೆಲವಕ್ಕೆ ಕಸ ತುಂಬಿದರು. ಚೆನ್ನಾಜಮ್ಮನಿಗೆ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಯಿತು. ಬಾವಿಗಳು ಮುಚ್ಚಿದ್ದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನವೂ ಸಂಜೆ ಗೋಡೆ ಹಿಡಿದು ಹೊರಗೆ ಬಂದು ಮೊಳೆಯನ್ನು ತಡವುವರು. ನಾನು ಕೈಗೆ ಸಿಕ್ಕರೆ ಮುಖ ಬಾಡುತ್ತಿತ್ತು. "ಯಾರೂ ಕೇಳ್ಲಿಲ್ವಾ? ಇನ್ನೂ ನಂಬಲ್ಲ ನನ್ನ" ಎಂದು ಗೊಣಗುವರು. ಅಂಥ ದಿನ ಊಟ ಬೇಡ ಎನ್ನುವರು.

ಸೊಸೆ ಜಯಶೀಲ ಇದನ್ನು ಕೆಲವು ದಿನ ನೋಡಿದಳು. ಒಂದು ಮಧ್ಯಾಹ್ನ ನನ್ನನ್ನು ಮೊಳೆಯಿಂದ ತೆಗೆದು, ಒಳಗೆ ಅಕ್ಕಿ ಡಬ್ಬದ ಹಿಂದೆ ಸದ್ದಾಗದಂತೆ ಇಟ್ಟಳು. ಸಂಜೆ ಮುದುಕಿಯ ಕೈ ಖಾಲಿ ಮೊಳೆಗೆ ತಾಗಿತು.

"ಯಾರೇ ಒಯ್ದಿದ್ದು?"

"ಕೆಳಗಿನ ಮನೆಯೋರು ಅತ್ತೆ. ಬಿಂದ್ಗೆ ಬಿತ್ತಂತೆ."

"ಪಾತ್ರೆಗೀತ್ರೆ ಏನೂ ಇಸ್ಕೊಳ್ಳಿಲ್ಲ ತಾನೆ?"

"ಇಲ್ಲ ಅತ್ತೆ. ಹಂಗೇ ಕೊಟ್ಟೆ."

ಮುದುಕಿ ಒಳಗೆ ಬಂದು ಮುದ್ದೆ ಉಂಡು ಮಲಗಿದರು. ಆಮೇಲೆ ದಿನವೂ ಹಾಗೆಯೇ. ದಿನಕ್ಕೊಂದು ಮನೆಯ ಹೆಸರು. ಇಲ್ಲದ ಬಾವಿಗಳಿಗೆ, ತೀರಿಹೋದ ಹೆಂಗಸರ ಕೈಗೆ ಜಯಶೀಲ ನನ್ನನ್ನು ಎರವಲು ಕೊಡುತ್ತಾ ಹೋದಳು. ಡಬ್ಬದ ಹಿಂದೆ ಕೂತು ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಚೆನ್ನಾಜಮ್ಮ ಹೋದದ್ದು ಅಂಥದೇ ಒಂದು ದಿನ. ತಿಥಿ ಎಲ್ಲ ಮುಗಿದ ಮೇಲೆ ಮನೆ ತೊಳೆಯುವಾಗ ಜಯಶೀಲ ನನ್ನನ್ನು ಹೊರಗೆ ತೆಗೆದಳು. ಸೆರಗಿನಿಂದ ಧೂಳು ಒರೆಸಿ, ಮುಂಬಾಗಿಲ ತನಕ ಒಯ್ದು, ಮೊಳೆಯ ಮುಂದೆ ನಿಂತಳು. ಆಮೇಲೆ ತಿರುಗಿ ಒಳಗೆ ಬಂದು, ನನ್ನನ್ನು ಮತ್ತೆ ಅಲ್ಲೇ ಡಬ್ಬದ ಹಿಂದೆ ಇಟ್ಟಳು.

"ಇನ್ನೂ ತಂದುಕೊಟ್ಟಿಲ್ಲ ಅತ್ತೆ" ಎಂದಳು, ಯಾರೂ ಇಲ್ಲದ ನಡುಮನೆಯಲ್ಲಿ.