ಎರಡನೆಯ ಚರಣದ ಬಿಕ್ಕು

ಆ ಜಾಝ್ ಗಾಯಕಿಯ ಮೊದಲ ರೆಕಾರ್ಡಿನ ಎರಡನೆಯ ಚರಣದಲ್ಲಿ ಒಂದು ಬಿಕ್ಕು ಇದೆ. ಅವತ್ತು ಅವಸರದಲ್ಲಿ ಒಣ ಬ್ರೆಡ್ಡು ನುಂಗಿ ಸ್ಟುಡಿಯೋಗೆ ಓಡಿ ಬಂದಿದ್ದಳು, ಹಾಡುವಾಗ ಬಿಕ್ಕಳಿಕೆ ಬಂತು, ಅಷ್ಟೇ. ಜನ ಅದನ್ನೇ ಅಳು ಅಂದರು. ವಿರಹವಂತೆ, ಸುಡುಗಾಡಂತೆ! ಆಮೇಲೆ ಹನ್ನೊಂದು ಆಲ್ಬಂ ಮಾಡಿದಳು. ಪಿಯಾನೊ ಎಲ್ಲಿಗೆ ಹೊರಳಿದರೂ ಅವಳ ಸ್ವರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಯಾರೂ ಕ್ಯಾರೇ ಅನ್ನಲಿಲ್ಲ.

ಈಗ ಮೂವತ್ತು ವರ್ಷದ ಮೇಲೆ ಅದೇ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಬೇಕಂತೆ. ಬೆಳಗಿನಿಂದ ಹದಿನೇಳು ಸಲ ಹಾಡಿದ್ದಾಯಿತು. ಗಾಜಿನಾಚೆ ಕೂತ ನಿರ್ಮಾಪಕನದು ಒಂದೇ ರಾಗ.

“ಮೇಡಂ, ಎಲ್ಲಾ ಚೆನ್ನಾಗಿದೆ. ಆ ಬಿಕ್ಕು ಮಾತ್ರ ಸುಳ್ಳು ಅನ್ಸುತ್ತೆ. ಸ್ವಲ್ಪ ಒಳಗಿಂದ ಬರ್ಲಿ.”

“ಅವತ್ತೂ ಒಳಗೆ ಏನೂ ಇರ್ಲಿಲ್ಲ ಕಣಪ್ಪಾ, ಬರೀ ಬ್ರೆಡ್ಡು!”

ಅವನು ನಕ್ಕುಬಿಟ್ಟ. ಕೊನೆಗೆ ಹಳೇ ರೆಕಾರ್ಡಿನ ಬಿಕ್ಕನ್ನೇ ಕತ್ತರಿಸಿ ಹೊಸ ಹಾಡಿಗೆ ಅಂಟಿಸಿ ಕೇಳಿಸಿದ.

“ನೋಡಿ ಮೇಡಂ, ಈಗ ಜೀವ ಬಂತು!”

ಅವಳು ಗಾಜಿಗೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಕರವಸ್ತ್ರ ಬಾಯಿಗೊತ್ತಿಕೊಂಡರೂ ತಡೆಯಲಾಗದೆ ಬಿಕ್ಕಿದಳು, ಮತ್ತೊಮ್ಮೆ ಬಿಕ್ಕಿದಳು.

ನಿರ್ಮಾಪಕ ನೀರಿನ ಬಾಟಲಿ ಹಿಡಿದು ಓಡಿ ಬಂದ.

“ಬಿಕ್ಕಳಿಕೆನಾ ಮೇಡಂ? ಯಾರೋ ನೆನೆಸ್ಕೊತಿದಾರೆ. ನೀರು ಕುಡೀರಿ, ಹೋಗುತ್ತೆ.”