ತೋಟಗಾರ ಮುದುಕನಾಗಿದ್ದ ಅಧ್ಯಾಯ

ಯಾವ ಪ್ರಶ್ನೆಗೂ ಆಕೆ ತಕ್ಷಣ ಉತ್ತರಿಸಿದವರಲ್ಲ. ಊಟವಾಯಿತೇ ಎಂದರೂ ಕನ್ನಡಕ ತೆಗೆದು, ಕೋಟಿನ ಅಂಚಿಗೆ ಒರೆಸಿ, ಮತ್ತೆ ಏರಿಸಿಕೊಂಡ ಮೇಲೆಯೇ ‘ಆಯ್ತು’ ಎನ್ನುತ್ತಿದ್ದರು. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಅವರಿಗೆ ಅಚ್ಚಿನ ಮೊಳೆ ಜೋಡಿಸುವವರು ‘ಅಲ್ಪವಿರಾಮದಕ್ಕ’ ಎಂದು ಹೆಸರಿಟ್ಟಿದ್ದರು. ಮೊಣಕೈ ಸವೆದ ಬೂದು ಕೋಟು, ಗೋಡೆಗೆ ಒತ್ತಿಕೊಂಡಂತೆ ಸಾಗುವ ನಡಿಗೆ, ಪರರ ತಪ್ಪು ತೋರಿಸುವಾಗಲೂ ಅದು ತನ್ನದೇ ಅಪರಾಧವೆಂಬಂಥ ಸಂಕೋಚ.

ಅಂಥವರು ಹನ್ನೊಂದು ವರ್ಷ, ಮಧ್ಯಾಹ್ನದ ಬಿಡುವಿನಲ್ಲಿ, ಕಾಗದದ ಕಟ್ಟುಗಳ ಮೇಲೆ ಕೂತು ಕಾದಂಬರಿ ಬರೆಯುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ. ಶಾಪದಿಂದ ನಿದ್ರೆಹೋದ ರಾಜಕುಮಾರಿಯ ಹಳೆಯ ಕಥೆಯೇ. ಆದರೆ ಇವರದರಲ್ಲಿ ರಾಜಕುಮಾರ ಬರುವುದಿಲ್ಲ. ಅವಳನ್ನು ಪ್ರೀತಿಸಿದ್ದ ಅರಮನೆಯ ತೋಟಗಾರ, ಕಡಿದಷ್ಟೂ ಚಿಗುರುವ ಮಾಯೆಯ ಮುಳ್ಳುಬೇಲಿಯನ್ನು ಐವತ್ತು ವರ್ಷ ಕಡಿಯುತ್ತಾನೆ. ಅವಳ ಕೋಣೆ ಮುಟ್ಟುವ ಹೊತ್ತಿಗೆ ಅವನಿಗೆ ಎಪ್ಪತ್ತು. ಅವಳಿಗೆ ಇನ್ನೂ ಹತ್ತೊಂಬತ್ತು. ಕಣ್ತೆರೆದವಳು ಅವನ ಮುಖವನ್ನು ಗುರುತಿಸುವುದಿಲ್ಲ. ಅಂಗೈಯ ಗಾಯಗಳನ್ನು ಒಂದೊಂದಾಗಿ ಮುಟ್ಟಿ ಅವನನ್ನು ಅರಿಯುತ್ತಾಳೆ.

ಅದೇ ಮುದ್ರಣಾಲಯದಲ್ಲಿ, ಪ್ರಕಟಿಸಲು ಬಂದ ಹಸ್ತಪ್ರತಿಗಳನ್ನು ಓದಿ ಆರಿಸುತ್ತಿದ್ದವನು ನಾನು; ಬರೆದು ಮುಗಿಸಿದ ಮೇಲೆ ಅದನ್ನು ನನ್ನ ಮೇಜಿನ ಮೇಲಿಟ್ಟರು. ಆ ಕೊನೆಯ ಅಧ್ಯಾಯಕ್ಕೆ ನನ್ನ ಕಣ್ಣು ತೇವವಾದದ್ದು ನಿಜ. ಆದರೂ ಎಲ್ಲ ಬಲ್ಲವನಂತೆ ಬುದ್ಧಿ ಹೇಳಿದೆ.

“ಅಕ್ಕಾ, ಬೇಲಿ ದಾಟಿದ ಕೂಡ್ಲೇ ಅವನನ್ನ ಮತ್ತೆ ಹುಡುಗನನ್ನಾಗಿ ಮಾಡ್ಬಿಡಿ. ಹೇಗೂ ಮಾಯದ ಕಥೆ. ಮುದುಕನ ಪ್ರೇಮ ಯಾರಿಗೆ ಬೇಕು?”

ಕನ್ನಡಕ ಒರೆಸುವುದು ಅಂದು ಬಹಳ ಹೊತ್ತು ನಡೆಯಿತು.

“ಹಾಗಾದ್ರೆ ಅವನು ಪಟ್ಟ ಪಾಡೆಲ್ಲ ಎಲ್ಲಿಗೆ ಹೋಯ್ತು?”

“ಓದೋರು ಖುಷಿಯಾಗಿರ್ಲಿ ಬಿಡಿ.”

ತಿದ್ದಿಕೊಟ್ಟರು. ಪುಸ್ತಕ ಮೂರು ಮುದ್ರಣ ಕಂಡಿತು. ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟವರೂ ಉಂಟು. ಆಕೆ ಮಾತ್ರ ಒಂದು ಪ್ರತಿಗೂ ಸಹಿ ಹಾಕಲಿಲ್ಲ. ಮತ್ತೆ ಒಂದು ಸಾಲನ್ನೂ ಬರೆಯಲಿಲ್ಲ. ನಾಲ್ಕನೆಯ ಮುದ್ರಣದ ವೇಳೆಗೆ ನನ್ನ ತಲೆಯೂ ನರೆತಿತ್ತು, ತಡವಾಗಿ ಬುದ್ಧಿಯೂ ಬಂದಿತ್ತು. ಮೂಲ ಅಧ್ಯಾಯವನ್ನೇ ಅಚ್ಚು ಹಾಕೋಣವೆಂದು ಕೇಳಲು ಹೋದೆ.

“ಅದಾ? ಹಿಂಬದಿ ಖಾಲಿ ಇತ್ತಲ್ಲ, ಮಸಿ ಸರಿಯಾಗಿದ್ಯಾ ಒತ್ತಿ ನೋಡೋಕೆ ಅಂತ ಅಚ್ಚಿನವರಿಗೆ ಆಗ್ಲೇ ಕೊಟ್ಬಿಟ್ಟೆ,” ಎಂದರು, ನಗುತ್ತಲೇ ಎಂದರು.

“ನೆನಪಿನಿಂದ ಬರೀಬಹುದಲ್ಲಕ್ಕಾ?”

“ಅದನ್ನ ಬರೆದೋಳು ಬೇರೆಯವಳು ಕಣಪ್ಪಾ.”

ಹಠ ಹಿಡಿದು ಗೆಲ್ಲುವವರನ್ನು ಲೋಕ ಸ್ವಾಭಿಮಾನಿಗಳೆಂದು ಮೆರೆಸುತ್ತದೆ. ಮೆತ್ತಗಿನವರ ಬಗೆಯೇ ಬೇರೆ: ಕೇಳಿದ್ದನ್ನು ಕೊಡುತ್ತಾರೆ, ಜೊತೆಗೊಂದು ನಗೆಯನ್ನೂ ಕೊಡುತ್ತಾರೆ, ತಾವು ಕಳೆದುಕೊಂಡದ್ದೇನೆಂದು ಮಾತ್ರ ಹೇಳುವುದಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ಓದಿಕೊಂಡ ನನ್ನಂಥವರಿಗೆ, ಕ್ಷಮೆ ಕೇಳಲು ಒಂದು ಜಗಳವನ್ನೂ ಅವರು ಉಳಿಸಿ ಹೋಗುವುದಿಲ್ಲ.