ಬೆಳಗಿನ ನಾಡಿ ಮತ್ತು ಒಬ್ಬ ಪೈಲ್ವಾನ

ನಾನು ಕೀ ಕೊಟ್ಟರೆ ಓಡುವ ಒಂದು ಸ್ಟಾಪ್‌ವಾಚ್. ಸೆಕೆಂಡನ್ನು ಐದು ಪಾಲು ಮಾಡುವ ಹಲ್ಲುಚಕ್ರ ನನ್ನ ಹೊಟ್ಟೆಯಲ್ಲಿ ಕೂತ ದಿನವೇ ನಾನು ಹುಟ್ಟಿದ ದಿನ. ವಿಜಯಪುರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಲೋಲಕದ ತೂಗಾಟ ಅಳೆದೆ. ಡಿಜಿಟಲ್ ಗಡಿಯಾರಗಳು ಬಂದಾಗ ನನ್ನನ್ನು ಹರಾಜಿಗಿಟ್ಟರು. ಭೌತಶಾಸ್ತ್ರದ ಬಿದರಿ ಮಾಸ್ತರರು ಕೊಂಡರು.

ಮಾಸ್ತರರಿಗೆ ಸೈಕಲ್ ಸ್ಪರ್ಧೆಯ ಹುಚ್ಚು. ಓಣಿಯ ಹುಡುಗಿ ಸಾವಂತ್ರಿಗೆ ಕಿರಿಯರ ರಾಜ್ಯ ತಂಡ ಸೇರಲು ಅದೇ ಕೊನೆಯ ವರ್ಷ. ಅವಳಿಗಾಗಿ ಗ್ರಾಫ್ ಹಾಳೆಯಲ್ಲಿ ಹದಿನಾರು ವಾರದ ಯೋಜನೆ ಬರೆದರು. ಮೊದಲು ದೂರದ ನಿಧಾನ ಸವಾರಿ, ಆಮೇಲೆ ಏರು, ಆಮೇಲೆ ವೇಗ. ಕೊನೆಯ ಹತ್ತು ದಿನ ಬಹುಪಾಲು ವಿಶ್ರಾಂತಿ.

ನಾನು ಸಾವಂತ್ರಿಯ ದಿಂಬಿನ ಪಕ್ಕ ಮಲಗುತ್ತಿದ್ದೆ. ಎದ್ದ ಕೂಡಲೇ ಅವಳು ನನ್ನ ಗುಂಡಿ ಒತ್ತಿ, ನಾಡಿ ಎಣಿಸಿ ಬರೆದಿಡುತ್ತಿದ್ದಳು. ಮೈ ಪಳಗಿದಂತೆ ಅರವತ್ತೆಂಟು ಇದ್ದದ್ದು ಐವತ್ತೆರಡಕ್ಕೆ ಇಳಿದಿತ್ತು. ವಿಶ್ರಾಂತಿ ಶುರುವಾದ ಮೇಲೆ ಮಾತ್ರ, ದಣಿದ ಮೈಯಲ್ಲಿ ಏರುವಂತೆ, ಏರತೊಡಗಿತು: ಐವತ್ತೆಂಟು, ಅರವತ್ತೊಂದು, ಅರವತ್ತನಾಲ್ಕು. ಮಾಸ್ತರರು ಮೊದಲು ಅನುಮಾನಿಸಿದ್ದು ನನ್ನನ್ನೇ. ಗೋಡೆ ಗಡಿಯಾರದ ಎದುರು ಓಡಿಸಿ ನೋಡಿದರು. ನಾನು ಸರಿಯಿದ್ದೆ.

ಅವಳ ಮನೆಗೇ ಹೋದರು. ಮಾಳಿಗೆಯ ಮೇಲೆ ಸಾವಂತ್ರಿ ಕುಕ್ಕರಿಸಿ ಏಳುತ್ತ ಬೈಠಕ್ ಹೊಡೆಯುತ್ತಿದ್ದಳು. ಗರಡಿ ನಡೆಸುವ ಅವಳ ಕಾಕಾ ಸಿದ್ರಾಯ ಪೈಲ್ವಾನ ಎಣಿಸುತ್ತಿದ್ದ. ದಿನಕ್ಕೆ ಐನೂರು.

“ಕುಸ್ತಿ ಹತ್ರ ಬಂತಂದ್ರ ನಾವು ಬೈಠಕ್ ಹೆಚ್ಚ ಮಾಡ್ತಿದ್ವಿರಿ ಮಾಸ್ತರ. ಈಕಿ ಸುಮ್ನ ಕುಂತಿದ್ಲು.”

“ಅದಕ್ಕ ಏನ್ರಿ ಪೈಲ್ವಾನ್ರ, ಜಮಖಂಡಿ ಕುಸ್ತ್ಯಾಗ ನೀವು ಮೂರನೇ ನಿಮಿಷಕ್ಕ ಬಿದ್ದದ್ದು?”

ಸಿದ್ರಾಯ ಮೀಸೆಯ ಮೇಲಿನ ಕೈ ತೆಗೆದ. ಮಾಸ್ತರರು ನನ್ನನ್ನು ಅವನ ಅಂಗೈಯಲ್ಲಿಟ್ಟು, ಇನ್ನು ನಾಡಿ ನೀವೇ ಎಣಿಸಿ ಎಂದರು. ಬೈಠಕ್ ನಿಂತಿತು. ಸ್ಪರ್ಧೆಗೆ ಉಳಿದದ್ದು ನಾಲ್ಕೇ ದಿನ. ಕುಸ್ತಿಯಲ್ಲಿ ಹಿಡಿದಷ್ಟೇ ಬಿಗಿಯಾಗಿ ಅವನು ಅಣ್ಣನ ಮಗಳ ಮಣಿಕಟ್ಟು ಹಿಡಿಯುತ್ತಿದ್ದ. ನೋಯ್ತದೋ ಕಾಕಾ ಎಂದು ಅವಳು ನಗುತ್ತಿದ್ದಳು. ಸ್ಪರ್ಧೆಯ ಬೆಳಿಗ್ಗೆ ನಾಡಿ ಐವತ್ತೇಳಕ್ಕೆ ಇಳಿದಿತ್ತು, ಅಷ್ಟೇ.

ತಂಡಕ್ಕೆ ಮೂವರನ್ನು ಆರಿಸಿದರು. ಅರ್ಧ ಸೆಕೆಂಡಿನಿಂದ ಸಾವಂತ್ರಿ ನಾಲ್ಕನೆಯವಳಾದಳು.

“ಆ ಅರ್ಧ ಸೆಕೆಂಡ್ ನಂದವ್ವಾ, ನಿಂದಲ್ಲ,” ಎಂದ ಸಿದ್ರಾಯ.

ಅವಳು ಬಹಳ ಹೊತ್ತು ಮುಖ ತೊಳೆಯುತ್ತ ನಿಂತಳು. ಆಮೇಲೆ, ಬರುವ ವರ್ಷ ಹಿರಿಯರ ವಿಭಾಗದಲ್ಲಿ ನಿಲ್ಲುತ್ತೇನೆ, ಹೊಸ ಹಾಳೆ ಬರೆಯಿರಿ ಎಂದು ಮಾಸ್ತರರಿಗೆ ಹೇಳಿದಳು.

ಸಿದ್ರಾಯ ನನ್ನನ್ನು ಹಿಂದಿರುಗಿಸಲಿಲ್ಲ, ಮಾಸ್ತರರೂ ಕೇಳಲಿಲ್ಲ. ಈಗ ನನ್ನ ಸ್ಪ್ರಿಂಗ್ ಮುರಿದಿದೆ, ಗರಡಿಯ ಗೋಡೆಗೂಡಿನಲ್ಲಿ ಮಲಗಿದ್ದೇನೆ. ಕುಸ್ತಿ ಹತ್ತಿರವಾದಾಗ ಪೈಲ್ವಾನರು ಕೆಳಗೆ ಚಾಪೆಯ ಮೇಲೆ ಅಂಗಾತ ಬಿದ್ದಿರುತ್ತಾರೆ. ಯಾರಾದರೂ ಬೈಠಕ್ಕಿಗೆ ಎದ್ದರೆ ಸಿದ್ರಾಯ ಗದರಿ ಮಲಗಿಸುತ್ತಾನೆ.